ಶಹಾಬಾದಿನ ಮನೆಯಲ್ಲಿ ನಾನು ಬರೆದ ‘ಇಲ್ಲ’

ನಾನು ಸೇಡಂನವಳು, ನರ್ಸಿಂಗ್ ಕಲಿತವಳು. ಮೂರು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ, ಹೃದಯದ ಬಡಿತ ತಪ್ಪುವ ಕಾಯಿಲೆಗಳ ಬಗ್ಗೆ ಕಲಬುರಗಿಯಲ್ಲಿ ನಡೆಯುತ್ತಿದ್ದ ಒಂದು ಸಂಶೋಧನೆಗೆ ಸೇರಿಕೊಂಡೆ. ಬಡಿತ ತಪ್ಪಿದ ಎದೆ ಮನಸ್ಸನ್ನು ಕುಗ್ಗಿಸುತ್ತದೆಯೋ, ಕುಗ್ಗಿದ ಮನಸ್ಸು ಬಡಿತವನ್ನು ಇನ್ನಷ್ಟು ತಪ್ಪಿಸುತ್ತದೆಯೋ, ಎರಡೂ ನಿಜವಾದರೆ ಚಿಕಿತ್ಸೆ ಎಲ್ಲಿಂದ ಶುರುವಾಗಬೇಕು ಎಂದು ಅಲ್ಲಿನ ಡಾಕ್ಟರರು ತಿಳಿಯಬೇಕೆಂದಿದ್ದರು. ಅವರು ಕಲಬುರಗಿಯಲ್ಲಿರುತ್ತಿದ್ದರು. ಮನೆಮನೆಗೆ ಹೋಗುವವಳು ನಾನು.

ಸೇಡಂನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದರೆ ಚಿತ್ತಾಪುರ, ವಾಡಿ. ವಾಡಿಯಲ್ಲಿ ಗಾಡಿ ಬದಲಿಸಿದರೆ ಶಹಾಬಾದ್. ಚಿಂಚೋಳಿ ಕಡೆಗೆ ಬಸ್ಸು. ಹೆಗಲ ಚೀಲದಲ್ಲಿ ಇಸಿಜಿ ತೆಗೆಯುವ ಸಣ್ಣ ಯಂತ್ರ, ಬಿಪಿ ನೋಡುವ ಪಟ್ಟಿ, ಒಂದು ಕಟ್ಟು ಫಾರ್ಮು. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬ ರೋಗಿಯ ಮನೆಗೆ ಹೋಗಿ ಎದೆಯ ಬಡಿತ ಬರೆದುಕೊಳ್ಳಬೇಕು, ಆಮೇಲೆ ಮನಸ್ಸಿನ ಬಗ್ಗೆ ಪ್ರಶ್ನೆ ಕೇಳಬೇಕು.

ಪ್ರಶ್ನೆಗಳು ಪುಸ್ತಕದ ಕನ್ನಡದಲ್ಲಿದ್ದವು. ಮೊದಲ ವಾರವೇ ಆಡಕಿ ಎಂಬ ಹಳ್ಳಿಯಲ್ಲಿ ಒಬ್ಬ ಮುದುಕಿ, “ಖಿನ್ನತೆ ಅಂದ್ರ ಏನವ್ವಾ, ಬ್ಯಾನಿ ಹೆಸರೇನು?” ಎಂದು ಕೇಳಿದಳು. ಅಂದಿನಿಂದ ನಾನು ಕಾಗದ ಓದುವುದನ್ನು ಬಿಟ್ಟು, ನಮ್ಮ ಮಾತಿನಲ್ಲೇ ಕೇಳತೊಡಗಿದೆ. ನಿದ್ದಿ ಬರ್ತದೇನು, ಊಟ ಸೇರ್ತದೇನು, ಜೀವಕ್ಕ ಬ್ಯಾಸರ ಆಗ್ಯದೇನು. ಜನ ಸಲೀಸಾಗಿ ಉತ್ತರ ಕೊಡುತ್ತಿದ್ದರು. ಒಂಬತ್ತನೆಯ ಪ್ರಶ್ನೆ ಮಾತ್ರ ಯಾವ ಮಾತಿನಲ್ಲಿ ಕೇಳಿದರೂ ಕಷ್ಟವಾಗಿತ್ತು. ಬದುಕಿರುವುದಕ್ಕಿಂತ ಸತ್ತರೆ ಚೆನ್ನಾಗಿತ್ತು ಎಂದು ಅನ್ನಿಸಿದೆಯೇ ಎಂಬುದು ಆ ಪ್ರಶ್ನೆ. ಅದಕ್ಕೆ ಯಾರಾದರೂ ಹೌದು ಎಂದರೆ ನಾನು ಆ ಮನೆ ಬಿಟ್ಟು ಹೊರಡುವಂತಿರಲಿಲ್ಲ. ಸಂಶೋಧನೆಯಲ್ಲಿದ್ದ ಮನೋವೈದ್ಯೆಗೆ ಅಲ್ಲಿಂದಲೇ ಫೋನ್ ಮಾಡಬೇಕು. ಅವರು ರೋಗಿಯ ಜೊತೆ, ಮನೆಯವರ ಜೊತೆ ಮಾತಾಡಿ ಮುಗಿಸುವವರೆಗೆ ಪಕ್ಕದಲ್ಲೇ ಕೂತಿರಬೇಕು. ಇದು ನಿಯಮ. ತರಬೇತಿಯಲ್ಲಿ ಈ ಒಂದನ್ನು ನಮ್ಮಿಂದ ಮೂರು ಸಲ ಬಾಯಿಬಿಟ್ಟು ಹೇಳಿಸಿದ್ದರು.

ಶಹಾಬಾದಿನಲ್ಲಿ ನನಗಿದ್ದ ರೋಗಿ ಒಬ್ಬರೇ. ಐವತ್ತರ ಆಸುಪಾಸಿನ ವೆಲ್ಡರ್. ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಅಂಗಡಿ. ಗೇಟು, ಕಿಟಕಿಯ ಗ್ರಿಲ್ಲು, ಟ್ರಾಕ್ಟರಿನ ಟ್ರಾಲಿ ಮಾಡುತ್ತಿದ್ದವರು. ನಾನು ಹೋಗುವ ಕಾಲಕ್ಕೆ ಅಂಗಡಿಯನ್ನು ಅವರ ತಮ್ಮ ನೋಡಿಕೊಳ್ಳುತ್ತಿದ್ದ. ಕೆಲವು ವರ್ಷಗಳ ಹಿಂದೆ ವಾಡಿ ಸ್ಟೇಷನ್ನಿನಲ್ಲಿ ಅವರು ಎಚ್ಚರ ತಪ್ಪಿ ಬಿದ್ದಿದ್ದರು. ಎದೆ ತಾಳ ತಪ್ಪಿ ಓಡಿ ಓಡಿ ನಿಂತೇ ಹೋಗುವಂಥ ಕಾಯಿಲೆ ಅದು. ಹೈದರಾಬಾದಿನಲ್ಲಿ ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಒಂದು ಯಂತ್ರ ಕೂರಿಸಿ, ಅದರ ತಂತಿಯನ್ನು ಹೃದಯದೊಳಕ್ಕೆ ಬಿಟ್ಟಿದ್ದರು. ಎದೆ ಓಡಲು ಶುರುಮಾಡಿದರೆ ಯಂತ್ರ ಒಳಗಿನಿಂದಲೇ ಕರೆಂಟು ಹೊಡೆದು ಬಡಿತವನ್ನು ದಾರಿಗೆ ತರುತ್ತದೆ. ಯಂತ್ರ ಬಂದ ಮೇಲೆ ವೆಲ್ಡಿಂಗ್ ಮಾಡುವಂತಿಲ್ಲ. ಆ ಮಶೀನಿನ ಹತ್ತಿರ ಹೋದರೆ ಇದು ದಾರಿ ತಪ್ಪಬಹುದು ಎಂದು ಹೇಳಿದ್ದರು.

ನಾನು ಮೊದಲ ಸಲ ಹೋದಾಗ ಅವರು ಹೊರಕೋಣೆಯ ಮಂಚದ ಮೇಲೆ, ಎಡಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಮುಂಗೈ ತುಂಬಾ ಕಿಡಿ ಸಿಡಿದ ಹಳೆಯ ಚುಕ್ಕೆಗಳು. ಅಂಗನವಾಡಿ ಟೀಚರಾಗಿದ್ದ ಅವರ ಹೆಂಡತಿ ಆ ದಿನ ರಜೆ ಹಾಕಿ ಮನೆಯಲ್ಲಿದ್ದರು. “ಬಾ ತಂಗೀ, ಕುಂದ್ರು. ಬಿಸಲಾಗ ಬಂದೀದಿ,” ಎಂದು ನೀರು ಕೊಟ್ಟರು. ಆ ಹೊತ್ತಿನಿಂದ ನಾನು ಅವರಿಗೆ ತಂಗಿ, ಅವರು ನನಗೆ ವೈನಿ, ಅಂದರೆ ಅತ್ತಿಗೆ.

ಅವರ ಗಂಡ ಅಂಗಿಯ ಗುಂಡಿ ಬಿಚ್ಚಿ ಯಂತ್ರದ ಉಬ್ಬು ತೋರಿಸಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು.

“ಇದು ಏನ್ ಮಾಡ್ತದ ಅಂತ ನಿಮಗ ಗೊತ್ತದೇನ್ರಿ ಅಣ್ಣಾರ?” ಎಂದೆ. ಫಾರ್ಮಿನಲ್ಲಿ ಆ ಪ್ರಶ್ನೆ ಇತ್ತು.

“ಒದ್ದು ಬದುಕಸ್ತದ. ಖರೇನೂ ಬದುಕಸ್ಯದ, ಎರಡು ಸಲ.”

“ಒದ್ದಾಗ ಹೆಂಗ ಅನಸ್ತದ್ರಿ?”

ಅವರು ಅಂಗಿಯ ಗುಂಡಿ ಹಾಕಿಕೊಂಡರು. “ನೋಡ್ ತಂಗೀ, ಇಪ್ಪತ್ತೈದು ವರ್ಷ ವೆಲ್ಡಿಂಗ್ ಮಾಡೀನಿ. ಕರೆಂಟ್ ನನಗೇನ್ ಹೊಸಾದಲ್ಲ. ಹೊರಗಿಂದು ಹೊಡದ್ರ ಕೈ ಕಿತ್ಕೋಬಹುದು. ಇದು ಒಳಗಿಂದು. ಎಲ್ಲಿ ಓಡಿ ಹೋಗ್ಲಿ?”

ಮೊದಲ ಏಟು ಬಿದ್ದದ್ದು ಬಚ್ಚಲಲ್ಲಿ, ತಲೆಗೆ ನೀರು ಹಾಕಿಕೊಳ್ಳುವಾಗ. ಆಮೇಲೆ ಅವರು ಸ್ನಾನ ಬಿಟ್ಟರು. ವೈನಿ ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು, ಅದೂ ಮಂಚದ ಮೇಲೆ. ಎರಡನೆಯದು ವಾಡಿಯಲ್ಲಿ, ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ. ಆಮೇಲೆ ಮೆಟ್ಟಿಲು ಬಿಟ್ಟರು, ವಾಡಿಗೆ ಹೋಗುವುದನ್ನೂ ಬಿಟ್ಟರು. ಎದೆ ಸ್ವಲ್ಪ ಜೋರಾಗಿ ಬಡಿದರೂ ಭಯ. ಭಯವಾದರೆ ಎದೆ ಇನ್ನೂ ಜೋರು. ನಗುವುದು, ಸಿಟ್ಟಾಗುವುದು, ಟಿವಿಯಲ್ಲಿ ಕ್ರಿಕೆಟ್ ನೋಡುವುದು ಎಲ್ಲ ಒಂದೊಂದಾಗಿ ನಿಂತವು. ಉಳಿದದ್ದು ಆ ಮಂಚ.

ಹೊರಡುವ ಮುಂಚೆ ವೈನಿ ನನ್ನನ್ನು ಅಡುಗೆಮನೆಗೆ ಕರೆದರು. “ನೀ ಸಣ್ಣಾಕಿ, ಆದ್ರೂ ಹೇಳ್ತೀನಿ. ಎರಡನೇ ಸಲ ಹೊಡದಾಗ ನನ್ನ ಕೈ ಅವರ ಹೆಗಲ ಮ್ಯಾಲಿತ್ತು. ನನಗೂ ಜರಾ ಜುಮ್ ಅಂತು. ಅವತ್ತಿಂದ ನನ್ನ ಮುಟ್ಟಗೊಡೂದಿಲ್ಲ. ತಲಿಗಿ ಎಣ್ಣಿ ಹಚ್ಚತೀನಂದ್ರೂ ಬ್ಯಾಡ ಅಂತಾರ. ಇದು ನಿನ್ನ ಕಾಗದದಾಗ ಬರೀಲಿಕ್ ಜಾಗ ಅದೇನು?”

ಇರಲಿಲ್ಲ. ಕೊನೆಯ ಪುಟದ ಹಿಂದೆ ಬರೆದುಕೊಂಡೆ.

ಮೂರನೆಯ ಭೇಟಿಯಲ್ಲಿ ಅವರು, ಆ ವಾರ ಮೂರು ಸಲ ಒದೆತ ಬಿದ್ದಿದೆ ಎಂದರು. ಯಂತ್ರ ತನ್ನ ಕೆಲಸವನ್ನೆಲ್ಲ ತಾನೇ ನೆನಪಿಟ್ಟುಕೊಳ್ಳುತ್ತದೆ. ಎದೆಯ ಮೇಲೊಂದು ಸಲಕರಣೆ ಹಿಡಿದರೆ ಅದನ್ನು ಓದಬಹುದು. ಕಲಬುರಗಿಗೆ ಕರೆದುಕೊಂಡು ಹೋಗಿ ಓದಿಸಿದೆವು. ಆ ವಾರ ಒಂದೂ ಇರಲಿಲ್ಲ. ಒಮ್ಮೆ ಏಟು ತಿಂದವರಿಗೆ ಹೀಗೆ ಇಲ್ಲದ ಏಟೂ ಬೀಳುತ್ತದೆ, ಸುಳ್ಳು ಹೇಳುತ್ತಿದ್ದಾರೆಂದಲ್ಲ, ಭಯ ಮೈಯೊಳಗೆ ಕೂತಿರುತ್ತದೆ ಎಂದು ಮನೋವೈದ್ಯೆ ನನಗೆ ತಿಳಿಸಿ ಹೇಳಿದರು. ನಾನು ಅದನ್ನೇ ಅಣ್ಣಾರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

“ಹಂಗಾದ್ರ ನನಗ ತಲಿ ಕೆಟ್ಟದ ಅಂದಂಗ ಆತು,” ಎಂದರು. “ಬಿದ್ದದ್ದೂ ನೋಯ್ತದ, ಬೀಳಲಾರದ್ದೂ ನೋಯ್ತದ. ಎರಡೂ ಒಂದೇ ನಮೂನಿ ನೋಯ್ತಾವ ತಂಗೀ.”

ಮುಂದಿನ ಭೇಟಿಗೆ ಎರಡು ವಾರ ಇರುವಾಗ ನಿಜವಾದವೇ ಬಿದ್ದವು. ಬೆಳಿಗ್ಗೆ ಎಂಟರ ಹೊತ್ತಿಗೆ, ಚಹಾ ಕುಡಿಯುತ್ತ ಕೂತಾಗ, ಅರ್ಧ ಗಂಟೆಯಲ್ಲಿ ಐದು. ಒಂದು ಹೊಡೆತಕ್ಕೆ ಎದೆ ಸರಿಹೋಗುವುದು, ಮತ್ತೆ ಓಡುವುದು, ಯಂತ್ರ ಮತ್ತೆ ಹೊಡೆಯುವುದು. ಮಗಳು ಅಪ್ಪನ ಕಾಲು ಹಿಡಿದು ಕೂತಿದ್ದಳಂತೆ. ತಮ್ಮ ಜೀಪು ತಂದು ಕಲಬುರಗಿಗೆ, ಅಲ್ಲಿಂದ ಹೈದರಾಬಾದಿಗೆ ಕರೆದೊಯ್ದ. ಮಾತ್ರೆ ಬದಲಿಸಿ ಹತ್ತು ದಿನದ ಮೇಲೆ ಕಳಿಸಿದರು.

ನಾನು ಹೋದದ್ದು ಒಂದು ಮಧ್ಯಾಹ್ನ. ವೈನಿ ಅಂಗನವಾಡಿಯಲ್ಲಿದ್ದರು, ಮಗಳು ಒಳಗೆ ಬಟ್ಟೆ ಮಡಿಸುತ್ತಿದ್ದಳು. ಅವರು ತುಂಬಾ ಇಳಿದುಹೋಗಿದ್ದರು. ಇಸಿಜಿ ತೆಗೆದೆ. ನಿದ್ದೆ ಇಲ್ಲ, ಹಸಿವಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಒಂಬತ್ತನೆಯದಕ್ಕೆ ಬಂದೆ.

“ಅಣ್ಣಾರ, ಈ ಹದಿನೈದು ದಿನದಾಗ ಬದುಕೋದು ಸಾಕು, ಸತ್ತಿದ್ರ ಚಲೋ ಇತ್ತು ಅಂತ ಅನ್ಸೇದೇನ್ರಿ?”

ಅವರು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅವತ್ತು ಐದನೇದು ಬಿದ್ದಾಗ, ಆರನೇದು ಬರೋದ್ರೊಳಗ ಜೀವ ಹೋಗ್ಬಿಡ್ಲಿ ಅಂದೆ. ಅವತ್ತಷ್ಟೇ ಅಲ್ಲ. ದಿನಾ ಮುಂಜಾನಿ ಕಣ್ಣು ಬಿಟ್ಟಾಗ ಅನಸ್ತದ, ಇನ್ನೂ ಅದೀನಲ್ಲಾ ಅಂತ.”

ನಾನು ಪೆನ್ನು ಕೆಳಗಿಟ್ಟು ಫೋನ್ ತೆಗೆದೆ. ಮನೋವೈದ್ಯೆ ಮಾತಾಡುತ್ತಾರೆ, ಭಾಳ ಒಳ್ಳೆಯವರು, ನೀವು ಹೇಳಿದ್ದನ್ನೇ ಅವರಿಗೂ ಹೇಳಿರಿ ಎಂದೆ. ಅವರು ನನ್ನ ಮುಂಗೈ ಹಿಡಿದರು. ಹೆಂಡತಿಯನ್ನೂ ಮುಟ್ಟಗೊಡದ ಮನುಷ್ಯ.

“ಹೌದು ಅಂತ ಬರೀಬ್ಯಾಡ ತಂಗೀ. ಕಾಳಗಿ ಕಡಿಂದ ಮಗಳಿಗಿ ನೋಡ್ಲಿಕ್ ಬರ್ಲಿಕತ್ತಾರ, ಬರೋ ರವಿವಾರ. ಹುಡುಗಿ ಅಪ್ಪಗ ಹುಚ್ಚರ ಡಾಕ್ಟರ್ ನೋಡ್ಲಿಕತ್ತಾರ ಅಂತ ಒಂದು ಮಾತು ಹೊರಗ ಬಿತ್ತಂದ್ರ ಮುಗೀತು. ನಿನ್ನ ವೈನಿಗಿ ಗೊತ್ತಾದ್ರ ಅಂಗನವಾಡಿ ಬಿಟ್ಟು ನನ್ನ ಕಾಯ್ಕೋತ ಕುಂದ್ರತಾಳ. ನಾ ಏನೂ ಮಾಡ್ಕೊಳ್ಳೂದಿಲ್ಲ. ಮಗಳ ಆಣಿ. ಬರೇ ಅನಸ್ತದ ಅಂದೆ, ಅಷ್ಟೇ.”

“ಡಾಕ್ಟರ್ ಯಾರಿಗೂ ಹೇಳೂದಿಲ್ರಿ.”

“ಮನೀಗಿ ಫೋನ್ ಬರ್ತದೋ ಇಲ್ಲೋ? ಆಕಿ ಜೊತಿ ಮಾತಾಡ್ತಾರೋ ಇಲ್ಲೋ?”

ಮಾತಾಡುತ್ತಾರೆ. ನಿಯಮವೇ ಹಾಗಿತ್ತು.

ನನಗೆ ಅವರ ಮೇಲೆ ಮರುಕ ಬಂತು ಎಂದಷ್ಟೇ ಬರೆದರೆ ಅದು ಅರ್ಧ ಸತ್ಯ. ಆ ದಿನ ವಾಡಿಯಲ್ಲಿ ನನಗೆ ಇನ್ನೂ ಎರಡು ಮನೆ ಬಾಕಿ ಇದ್ದವು. ಫೋನ್ ಮಾಡಿದರೆ ಡಾಕ್ಟರು ಸಿಗಬೇಕು, ಮಾತು ಮುಗಿಯಬೇಕು, ವೈನಿಯನ್ನು ಕರೆಸಬೇಕು, ಗಾಡಿ ತಪ್ಪುತ್ತಿತ್ತು. ಮರುಕವೂ ಅವಸರವೂ ಕೂಡಿಕೊಂಡವು. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ಇವತ್ತಿಗೂ ನನಗೆ ಹೇಳಲು ಆಗುವುದಿಲ್ಲ. ಒಂಬತ್ತನೆಯ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಬರೆದೆ.

“ನಿನ್ನ ಉಪಕಾರ ಮರಿಯೂದಿಲ್ಲ,” ಎಂದರು.

ಗಾಡಿಯಲ್ಲಿ ಫಾರ್ಮು ತೆಗೆದು ನೋಡಿದೆ. ಪಕ್ಕದಲ್ಲಿ ಕೂತ ಹೆಂಗಸು, “ಪರೀಕ್ಷಾ ಪೇಪರ್ ಏನವ್ವಾ?” ಎಂದಳು. ಹೌದು ಎಂದು ಮಡಚಿ ಒಳಗಿಟ್ಟೆ.

ಮಗಳ ಮದುವೆ ಕಾಳಗಿಗೇ ಆಯಿತು. ನನಗೂ ಕರೆ ಬಂದಿತ್ತು, ಹೋಗಿದ್ದೆ. ಅವರು ಶಾಲು ಹೊದ್ದು ಕುರ್ಚಿಯಲ್ಲಿ ಕೂತು, ಕೂತಲ್ಲಿಂದಲೇ ಅಕ್ಕಿಕಾಳು ಹಾಕಿದರು. ಬ್ಯಾಂಡಿನವರನ್ನು ಮನೆಯ ಹತ್ತಿರ ಬರಗೊಡಲಿಲ್ಲ. ವಾದ್ಯದ ಸದ್ದಿಗೆ ಎದೆ ಹಾರುತ್ತದೆಂದು ವೈನಿ ಓಣಿಯ ತುದಿಯಲ್ಲೇ ಅವರನ್ನು ನಿಲ್ಲಿಸಿದ್ದರು.

ಆಮೇಲಿನ ಭೇಟಿಗಳಲ್ಲಿ ಒಂಬತ್ತನೆಯದನ್ನು ಕೇಳುವ ಮುಂಚೆಯೇ ಅವರು, “ಅದು ಇಲ್ಲ, ಬರಕೋ,” ಎನ್ನುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಉಳಿದ ಉತ್ತರಗಳು ಕೆಟ್ಟೇ ಇದ್ದವು. ಅವುಗಳಿಗಾಗಿ ಮನೋವೈದ್ಯೆ ಒಂದು ಸಲಹೆಯ ಚೀಟಿ ಕಳಿಸಿದರು. ಅಣ್ಣಾರು ಅದನ್ನು ದಿಂಬಿನ ಕೆಳಗಿಟ್ಟು ಮರೆತರು. ಒಮ್ಮೆ ಮನೋವೈದ್ಯೆ ನನಗೆ ಫೋನ್ ಮಾಡಿ, “ಶಹಾಬಾದಿನವರು ಎಲ್ಲಾದಕ್ಕೂ ಹೌದು ಅಂತಾರ, ಒಂಬತ್ತಕ್ಕ ಮಾತ್ರ ಇಲ್ಲ ಅಂತಾರ. ನೀನೇ ಬಾಯಿಬಿಟ್ಟು ಕೇಳೀದೇನು?” ಎಂದರು.

“ಹೌದ್ರಿ ಮೇಡಂ, ಕೇಳೀನಿ.”

ಕೇಳಿದ್ದು ನಿಜ.

ಹೀಗೆ ಒಂದೂಕಾಲು ವರ್ಷ ಹೋಯಿತು. ಒಂದು ದಿನ ವೈನಿಯ ಫೋನ್ ಬಂತು. “ತಂಗೀ, ಅವರ ಎದ್ಯಾಗ ಏನೋ ಕುಂಯ್ ಕುಂಯ್ ಅನ್ಲಿಕತ್ತದ. ಮೂರು ದಿನ ಆತು. ಬರೋಬ್ಬರಿ ಮುಂಜಾನಿ ಒಂಬತ್ತಕ್ಕ.”

ಅದು ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ತಿಳಿಸುವ ಸದ್ದು. ಮರುದಿನ ಹೋಗಿ ಅವರ ಮುಂದೆ ಕೂತೆ. ಒಂಬತ್ತಕ್ಕೆ ಸರಿಯಾಗಿ, ಅಂಗಿಯ ಒಳಗಿನಿಂದ, ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಕುಂಯ್ಗುಟ್ಟಿತು.

“ಕೇಳಿದೇನು?” ಎಂದು ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. “ಅದಕ್ಕೂ ಸಾಕಾಗ್ಯದ.”

ಮೂರು ತಿಂಗಳೊಳಗೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು, ಸಣ್ಣ ಆಪರೇಷನ್ ಎಂದು ಹೈದರಾಬಾದಿನವರು ಹೇಳಿದ್ದರು. ಅಣ್ಣಾರು ಒಲ್ಲೆ ಎಂದುಬಿಟ್ಟರು. “ಮುಗಿದ್ರ ಮುಗೀಲಿ. ಮತ್ತೊಂದು ನಾಯಿ ತಂದು ಎದ್ಯಾಗ ಕಟ್ಕೊಳ್ಳೂದಿಲ್ಲ.” ತಮ್ಮ ಹೇಳಿದ, ಅಳಿಯ ಬಂದು ಹೇಳಿದ. ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ವೈನಿ ನನ್ನ ಎರಡೂ ಕೈ ಹಿಡಿದರು. “ನೀನರ ಹೇಳು ತಂಗೀ. ನಿನ್ನ ಮಾತು ಕೇಳ್ತಾರ.”

ಅಲ್ಲಿಂದ ಸೀದಾ ಕಲಬುರಗಿಗೆ ಹೋದೆ.

ಮನೋವೈದ್ಯೆ ಒಬ್ಬರೇ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಯಾವ ಭೇಟಿ ಎಂದು ಕೇಳಿ, ಕಪಾಟಿನಿಂದ ಆ ಫಾರ್ಮು ತೆಗೆದು, ನನ್ನ ಅಕ್ಷರವನ್ನು ನೋಡುತ್ತ ಸುಮಾರು ಹೊತ್ತು ಕೂತರು. ಬೈಯಲಿಲ್ಲ.

“ಅವತ್ತು ಫೋನ್ ಮಾಡಿದ್ರ ನಾ ಅವತ್ತೇ ಬರ್ತಿದ್ದೆ,” ಎಂದರು. “ಮನಸ್ಸಿನ ಔಷಧ ಇವತ್ತು ತಗೊಂಡ್ರ ನಾಳಿ ಕೆಲಸ ಮಾಡೂದಿಲ್ಲ ಅಂತ ನಿನಗ ಗೊತ್ತದ. ವಾರಗಟ್ಟಲೆ ಬೇಕು, ಅದ್ರ ಮ್ಯಾಲೆ ಮಾತು ಬೇಕು, ನಂಬಿಗಿ ಬೇಕು. ನಮ್ಮ ಕೈಯಾಗ ಒಂದೂಕಾಲು ವರ್ಷ ಇತ್ತು. ಈಗ ಮೂರು ತಿಂಗಳದ.”

ಮುಂದಿನ ತಿಂಗಳಿಂದ ನಾನು ಮನೆಗಳಿಗೆ ಹೋಗುವುದು ಬೇಡ ಎಂದರು. ಆದರೆ ಆ ಮನೆಗೆ ಮಾತ್ರ ತಮ್ಮ ಜೊತೆ ಬರಬೇಕು, ಅಲ್ಲಿಯವರಿಗೆ ನನ್ನ ಮುಖದ ಪರಿಚಯವಿದೆ ಎಂದರು.

ಎರಡು ದಿನದ ಮೇಲೆ ಹೋದೆವು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ ಮನೋವೈದ್ಯೆ ಯಂತ್ರದ ಮಾತೇ ಎತ್ತಲಿಲ್ಲ. ಟ್ರಾಲಿಯ ಬೆಸುಗೆ ಹೇಗೆ ಹಾಕುತ್ತಾರೆ, ಕಣ್ಣಿಗೆ ಏನು ಹಾಕಿಕೊಳ್ಳುತ್ತಾರೆ ಎಂದು ಕೇಳುತ್ತ ಹೋದರು. ಮುಕ್ಕಾಲು ಗಂಟೆ ಆದ ಮೇಲೆ ಅಣ್ಣಾರು ತಾವಾಗಿಯೇ ಹೇಳಿದರು.

“ನನ್ನ ಒಪ್ಪಸ್ಲಿಕ್ ಬಂದೀರಂತ ಗೊತ್ತದ್ರಿ. ನನಗ ಸಾಯೋ ಅಂಜಿಕಿ ಇಲ್ಲ. ಅದು ಒದಿಯೋ ಅಂಜಿಕಿ.”

“ಒಪ್ಪಸ್ಲಿಕ್ ಬಂದಿಲ್ರಿ,” ಎಂದರು ಮನೋವೈದ್ಯೆ. “ಬ್ಯಾಡ ಅನ್ನೋ ಹಕ್ಕು ನಿಮಗದ. ಆದ್ರ ಬ್ಯಾಡ ಅನ್ಲಿಕತ್ತವರು ನೀವೋ, ನಿಮ್ಮ ಮನಸ್ಸಿಗಿ ಹತ್ತಿದ ಬ್ಯಾನಿಯೋ ಅನ್ನೋದು ನನಗ ತಿಳೀಬೇಕಾಗ್ಯದ.”

“ಅದು ಹೆಂಗ ತಿಳೀತದ್ರಿ?”

“ಮದ್ಲ ಬ್ಯಾನಿ ಇಳಿಸೋಣು. ಆಮ್ಯಾಲೆ ಮತ್ತೊಮ್ಮೆ ಕೇಳ್ತೀನಿ. ಅವಾಗೂ ಬ್ಯಾಡ ಅಂದ್ರ ನಾ ಸುಮ್ಮ ಇರ್ತೀನಿ.”

ಅಣ್ಣಾರು ಯೋಚಿಸಿ ಮಾತ್ರೆ ತೆಗೆದುಕೊಳ್ಳಲು ಒಪ್ಪಿದರು. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಲೂ ಒಪ್ಪಿದರು. ಹುಚ್ಚರ ಡಾಕ್ಟರ್ ಎಂಬ ಮಾತು ಈಗ ಬರಲಿಲ್ಲ. ಮಗಳು ಕಾಳಗಿಯಲ್ಲಿ ಸಂಸಾರ ಮಾಡಿಕೊಂಡಿದ್ದಳು.

ನಾನು ಸಂಶೋಧನೆ ಬಿಟ್ಟು ಚಿಂಚೋಳಿ ಕಡೆಯ ಒಂದು ಸಣ್ಣ ಸರ್ಕಾರಿ ದವಾಖಾನೆಗೆ ನರ್ಸಾಗಿ ಸೇರಿದೆ. ವೈನಿ ಫೋನ್ ಮಾಡುತ್ತಿದ್ದರು. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಎರಡನೆಯ ತಿಂಗಳು ಸ್ವಲ್ಪ ನಿದ್ದೆ. ಮೂರನೆಯ ತಿಂಗಳು ಒಂದು ದಿನ ತಾವೇ ಎದ್ದು ಬಾಗಿಲವರೆಗೆ ಬಂದು ನಿಂತರಂತೆ. ಮನೋವೈದ್ಯೆ ಆಪರೇಷನ್ನಿನ ಮಾತು ಮತ್ತೆ ಕೇಳಿದರು. ಅಣ್ಣಾರು ಇನ್ನೂ ಬೇಡ ಎಂದರು. ಆಮೇಲೆ ಒಂದು ಬೆಳಿಗ್ಗೆ ವೈನಿ, “ಇವತ್ತು ಒಂಬತ್ತಕ್ಕ ಕುಂಯ್ ಅನ್ಲಿಲ್ಲ ತಂಗೀ,” ಎಂದು ಹೇಳಿ ಫೋನ್ ಇಟ್ಟರು.

ಯಂತ್ರ ಸುಮ್ಮನಾದ ಮೇಲೆ ಆ ಮನುಷ್ಯ ಎದ್ದು ಓಡಾಡಿದರು. ಇದನ್ನು ನಾನೇ ನೋಡಿದ್ದೇನೆ. ಒಂದು ರಜೆಯ ದಿನ ಶಹಾಬಾದಿಗೆ ಹೋದಾಗ ಮಂಚ ಖಾಲಿ ಇತ್ತು. ಅವರು ಬಚ್ಚಲಲ್ಲಿ ತಂಬಿಗೆಯಿಂದ ದಬದಬ ನೀರು ಸುರಿದುಕೊಳ್ಳುತ್ತಿದ್ದರು. ಹೊರಗೆ ಬಂದು ಕೂತಾಗ ವೈನಿ ಅವರ ತಲೆಗೆ ಎಣ್ಣೆ ಹಚ್ಚಿದರು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಅಂಗಡಿಗೂ ಹೋಗತೊಡಗಿದ್ದರು, ವೆಲ್ಡಿಂಗ್ ಮಶೀನ್ ಹಿಡಿದಿದ್ದರು. ಕೆಡುವುದಕ್ಕೆ ಇನ್ನೇನಿದೆ ಎನ್ನುತ್ತಿದ್ದರಂತೆ. ಓಣಿಯವರು ನೋಡಿ ಖುಷಿಪಟ್ಟರು. ವೈನಿಗೆ ಖುಷಿ ಪಡಬೇಕೋ ಅಂಜಬೇಕೋ ತಿಳಿಯುತ್ತಿರಲಿಲ್ಲ. ಅಂಗಡಿಯಿಂದ ಅವರು ಬರುವುದು ಹತ್ತು ನಿಮಿಷ ತಡವಾದರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಈ ಗೆಲುವು ಔಷಧದ್ದೋ, ಯಂತ್ರ ಸತ್ತದ್ದರದ್ದೋ ಎಂದು ನಾನು ಮನೋವೈದ್ಯೆಯನ್ನು ಕೇಳಿದೆ. ತಮಗೂ ಗೊತ್ತಾಗುತ್ತಿಲ್ಲ ಎಂದರು.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಹತ್ತು ದಿನವಾದಾಗ ಅಣ್ಣಾರೇ ನನಗೆ ಫೋನ್ ಮಾಡಿದರು. ನಾನು ದವಾಖಾನೆಯಲ್ಲಿ ಇಂಜೆಕ್ಷನ್ ಮುಗಿಸಿ ಕೈ ತೊಳೆಯುತ್ತಿದ್ದೆ.

“ತಂಗೀ, ಅದನ್ನ ಈಗೂ ಹಾಕ್ತಾರೇನು?”

“ಯಾವುದ್ರಿ ಅಣ್ಣಾರ?”

“ಅದೇ. ಹೊಸಾದು. ನಿನ್ನಿ ಕೂಸು ಎದಿ ಮ್ಯಾಲೆ ಮಲಗಿತ್ತು. ಮದ್ಲ ಆಗಿದ್ರ ಮಲಗಗೊಡ್ತಿರಲಿಲ್ಲ. ಈಕಿ ನಡಿಯೋತನಕ ಇರ್ಬೇಕು ಅನ್ನಸ್ತದ. ಅವಾಗ ನಾ ಬ್ಯಾಡ ಅಂದದ್ದು... ಆ ಡಾಕ್ಟರಮ್ಮ ಕೇಳಿದ್ರಲ್ಲ, ಬ್ಯಾಡ ಅನ್ನೋರು ನೀವೋ ನಿಮ್ಮ ಬ್ಯಾನಿಯೋ ಅಂತ. ಬ್ಯಾನಿ ಇತ್ತು ಅಂತ ಕಾಣಸ್ತದ ತಂಗೀ.”

ಅಲ್ಲೇ ನಿಂತು ಮನೋವೈದ್ಯೆಗೆ ಫೋನ್ ಮಾಡಿದೆ. ಅವರು ಹೈದರಾಬಾದಿನವರೊಡನೆ ಮಾತಾಡಿ ಸಂಜೆಯೊಳಗೆ ದಿನ ಗೊತ್ತು ಮಾಡಿದರು. ಮುಂದಿನ ಸೋಮವಾರ. ಅಲ್ಲಿಯವರೆಗೆ ಅಂಗಡಿಗೆ ಹೋಗಬೇಡಿರೆಂದು ಹೇಳಿದರು. ಅಣ್ಣಾರು ಎರಡು ದಿನ ಹೋಗಲಿಲ್ಲ. ಗುರುವಾರ, ಒಂದು ಕಿಟಕಿಯ ಚೌಕಟ್ಟು ಅರ್ಧ ಉಳಿದಿದೆ, ಕೂತೇ ಮುಗಿಸಿ ಬರುತ್ತೇನೆಂದು ಹೋದರು. ಹನ್ನೊಂದು ಗಂಟೆಯ ಸುಮಾರಿಗೆ ಕಣ್ಣಿಗೆ ಹಿಡಿಯುವ ಗ್ಲಾಸನ್ನು ಪಕ್ಕಕ್ಕಿಟ್ಟು ಗೋಡೆಗೆ ಒರಗಿದರಂತೆ. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದು ತಮ್ಮ ತನ್ನ ಕೆಲಸ ಮುಂದುವರಿಸಿದ. ಒಳಗಿನಿಂದ ಒದ್ದು ಎಬ್ಬಿಸುವಂಥದ್ದು ಯಾವುದೂ ಇರಲಿಲ್ಲ.

ಅವರನ್ನು ಮಣ್ಣು ಮಾಡುವ ದಿನ ನಾನು ಹೋಗಿದ್ದೆ. ತಿಂಗಳಾದ ಮೇಲೆ ಮತ್ತೆ ಹೋದೆ. ಮಗಳು ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಮಂಚವನ್ನು ತೆಗೆಸಿದ್ದರು. ವೈನಿ ಚಹಾ ತಂದುಕೊಟ್ಟು ನನ್ನ ಎದುರಿಗೆ ಚಾಪೆಯ ಮೇಲೆ ಕೂತರು.

“ಒಂದು ಕೇಳ್ತೀನಿ ತಂಗೀ,” ಎಂದರು. “ಆ ಡಾಕ್ಟರಮ್ಮ ಭಾಳ ಚಲೋರು. ಅವರ ಮಾತ್ರಿ ತಗೊಂಡ ಮ್ಯಾಲೆ ಇವರು ಮನುಷ್ಯಾರಾದ್ರು. ಹೊಸಾದು ಹಾಕಸ್ಕೊತೀನಿ ಅಂತ ತಾವೇ ಅಂದ್ರು. ನೀ ನಮ್ಮ ಮನೀಗಿ ಅಷ್ಟು ದಿನ ಬರ್ತಿದ್ದಿ. ಅವರ್ನ ಮದ್ಲೇ ಯಾಕ ಕರಕೊಂಡ್ ಬರಲಿಲ್ಲ?”

ಅವರು ತಪ್ಪು ಹುಡುಕಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು. ಮಗಳ ಮದುವೆಯ ಮಾತಿತ್ತು, ಅಣ್ಣಾರೇ ಬೇಡವೆಂದರು ಎಂದು ಅವರ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಇದ್ದದ್ದು ಇದ್ದಹಾಗೆ ಹೇಳಿದೆ. ಆ ಮಧ್ಯಾಹ್ನ ಅವರು ಹೇಳಿದ್ದು, ನನ್ನ ಕೈ ಹಿಡಿದದ್ದು, ನನಗೆ ಗಾಡಿಯ ಹೊತ್ತಾಗಿದ್ದು, ನಾನು ‘ಇಲ್ಲ’ ಎಂದು ಬರೆದದ್ದು.

ವೈನಿ ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಚಾಪೆಯ ಅಂಚಿನ ಒಂದು ಎಳೆಯನ್ನು ಬೆರಳಿನಿಂದ ಎಳೆಯುತ್ತ ಕೂತರು. ಒಳಗೆ ಕೂಸು ಅತ್ತು ಸುಮ್ಮನಾಯಿತು.

“ಮುಂಜಾನಿ ಎದ್ದಾಗೆಲ್ಲ ಇನ್ನೂ ಅದೀನಲ್ಲಾ ಅಂತ ಅನಸ್ತದ ಅಂದ್ರಾ?” ಎಂದು ಕೇಳಿದರು.

“ಹೌದ್ರಿ ವೈನಿ.”

“ದಿನಾ ಮುಂಜಾನಿ ನಾನೇ ಎಬ್ಬಸ್ತಿದ್ದೆ ಅವರಿಗಿ.”

ಚಹಾದ ಲೋಟ ಕೈಯಲ್ಲೇ ಆರಿಹೋಗಿತ್ತು. ಅವರು ಎದ್ದು ಆ ಲೋಟವನ್ನು ತೆಗೆದುಕೊಂಡು ಒಳಗೆ ಹೋದರು. ತಿರುಗಿ ಬಂದವರು ಕೂರಲಿಲ್ಲ, ಬಾಗಿಲ ಪಕ್ಕ ನಿಂತರು.

“ನಿಮ್ಮ ಗಾಡಿ ಹೊತ್ತಾತು ನೋಡ್ರಿ, ಸಿಸ್ಟರ್,” ಎಂದರು.

ಆ ಮನೆಯಲ್ಲಿ ಅವರು ನನ್ನನ್ನು ಎಂದೂ ಹಾಗೆ ಕರೆದಿರಲಿಲ್ಲ. ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. ಬರ್ತೀನ್ರಿ ಎಂದೆ. ಅವರು ತಲೆ ಆಡಿಸಿದರು. ಸ್ಟೇಷನ್ ರಸ್ತೆಯಲ್ಲಿ ಅವರ ಅಂಗಡಿ ತೆರೆದಿತ್ತು. ತಮ್ಮ ಯಾರಿಗೋ ಗೇಟಿನ ಅಳತೆ ಬರೆದು ಕೊಡುತ್ತಿದ್ದ. ವಾಡಿಗೆ ಹೋಗುವ ಪ್ಯಾಸೆಂಜರ್ ಒಂದು ಗಂಟೆ ತಡವಿತ್ತು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಕಾದೆ.